ನಗೋ ಜಾಗ
"ಅಮ್ಮಾ, ಲೈಬ್ರರಿ ತಾತ ಯಾಕೆ ನಾವು ನಕ್ಕರೆ ಬೈತಾರೆ?" ಎಂದು ಮಗ ತಾಯಿಯನ್ನು ಕೇಳಿದ. ಪ್ರತಿ ಭಾನುವಾರ ಮಕ್ಕಳಿಗೆ ನಗೆಕಥೆ ಓದುವ ಆ ಮಹಾನುಭಾವರು, ಆನೆ ಜಾರುಬಂಡೆಯಲ್ಲಿ ಸಿಕ್ಕಿಕೊಂಡದ್ದನ್ನೂ ಸಾವಿನ ಸುದ್ದಿಯಂತೆಯೇ ಓದುವರು. ನಗಬೇಕಾದ ಕಡೆ ಪುಟದಂಚಿಗೆ ಪೆನ್ಸಿಲ್ ಗುರುತು ಬೇರೆ. ಅದಕ್ಕೂ ಮುಂಚೆ ಯಾವುದಾದರೂ ಮಗು ಕಿಸಕ್ಕೆಂದರೆ ಕನ್ನಡಕ ಇಳಿಸಿ, "ತಡಿ ಮರಿ, ನಗೋ ಜಾಗ ಇನ್ನೂ ಬಂದಿಲ್ಲ" ಎನ್ನುವರು. ಜಾಗ ಬಂದಾಗ "ಹ್ಞಾಂ, ಈಗ ನಗಿ" ಎಂದು ಕಾಯುವರು. ಮಕ್ಕಳು ಪಿಳಿಪಿಳಿ ಕಣ್ಣು ಬಿಡುವರು. ಅವಳಿಗಂತೂ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಈ ಸಲ ನಾಲ್ಕು ಮಾತು ಆಡಿಯೇ ಬಿಡೋಣವೆಂದು ಸೆರಗು ಬಿಗಿದು ಹೋದರೆ, ಅವರೇ ಎದುರು ಬಂದು ದನಿ ತಗ್ಗಿಸಿದರು: "ಮುಂದಿನ ಭಾನುವಾರ ನನ್ನ ಮೊಮ್ಮಗಳು ಕಥೆ ಕೇಳೋಕೆ ಬರ್ತಾಳಮ್ಮಾ. ನನ್ನ ಕಂಡ್ರೇನೇ ಅಳು ಅವಳಿಗೆ. ಅವಳನ್ನ ನಗಿಸೋಕೇ ಇಷ್ಟು ದಿನ ಅಭ್ಯಾಸ ಮಾಡಿದ್ದು. ನಿಮ್ಮ ಮಗನ್ನ ಅವಳ ಪಕ್ಕ ಕೂರಿಸ್ತೀರಾ? ಎಲ್ಲಿ ಬೇಕಾದ್ರೂ ನಗಲಿ ಅವನು."