ದುರುಗಪ್ಪ ಕೂಗು ಹಾಕದ ದಿನ

ಕಡ್ಡಿರಾಂಪುರದ ಬಾಳೆತೋಟದ ಬೆನ್ನಿಗಿರುವ ಬಂಡೆಯಲ್ಲಿ ಹೆಜ್ಜೇನು ಎಬ್ಬಿಸಿದವನು ದುರುಗಪ್ಪ ಅಲ್ಲ. ನಾನು. ಗಂಗಮ್ಮನ ಎಡಗಣ್ಣು ಹೋಗಿದ್ದು ನನ್ನಿಂದ. ಆರು ವರ್ಷ ಈ ಮಾತನ್ನು ಬಾಯೊಳಗೇ ಇಟ್ಟುಕೊಂಡು ಅದೇ ಬಾಯಿಂದ ಅನ್ನ ತಿಂದಿದ್ದೇನೆ — ಥೂ, ಬರೆಯಲಿಕ್ಕೂ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ನನ್ನ ಹೆಸರು ಶ್ರೀನಿವಾಸ. ಹೊಸಪೇಟೆಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ ನನ್ನದು. ಡ್ರೋನ್ ಹಾರಿಸುವುದು ನನ್ನ ಹುಚ್ಚು. ನನ್ನಂಥ ಹುಚ್ಚರದ್ದೊಂದು ಗುಂಪು ಫೋನಿನಲ್ಲಿದೆ. ಅದರಲ್ಲಿ ವಾರಕ್ಕೊಬ್ಬನಾದರೂ ಕೇಳುತ್ತಾನೆ: "ಅಣ್ಣಾ, ಎಲ್ಲಿ ಹಾರಿಸಿದ್ರ ಯಾರೂ ಹಿಡಿಯಂಗಿಲ್ಲ?" ಆ ಪ್ರಶ್ನೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾರೂ ಹಿಡಿಯದ ಜಾಗ ಬೇಕಂತೆ! ಕೆಳಗೆ ಯಾರಿದ್ದಾರೆ ಎಂದು ಒಬ್ಬನಾದರೂ ಕೇಳಬೇಕಲ್ಲ? ಬೈಯಲು ಹೊರಟವನು ಅರ್ಧಕ್ಕೇ ನಿಲ್ಲಿಸುತ್ತೇನೆ. ಯಾಕೆಂದರೆ ಆ ಪ್ರಶ್ನೆ ಮೊದಲು ಕೇಳಿದವನು ನಾನೇ.

ಗಂಗಮ್ಮ ಕಡ್ಡಿರಾಂಪುರದ ಹೆಂಗಸು. ಹತ್ತು ಹನ್ನೆರಡು ಹೆಣ್ಣಾಳುಗಳನ್ನು ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗಿ ಬಾಳೆಗೊನೆ ಹೊತ್ತು ಲಾರಿ ತುಂಬಿಸುತ್ತಾಳೆ. ದುರುಗಪ್ಪ ಅವಳ ತಮ್ಮ. ಗೊನೆ ಕಡಿಯುವುದು ಅವನ ಕೆಲಸ. ಅದರ ಜೊತೆಗೆ ಆ ಬಂಡೆಯ ಜೇನು ಬಿಡಿಸುವವನೂ ಅವನೇ. ಅಮಾವಾಸ್ಯೆ ದಿನ, ಹೊತ್ತು ಮುಳುಗುವಾಗ, ಹೊಗೆ ಹಾಕಿ ಬಿಡಿಸುತ್ತಿದ್ದ. ಆದರೆ ಹತ್ತುವ ಮೊದಲು ಇಡೀ ತೋಟ ಒಂದು ಸುತ್ತು ಬಂದು ಕೂಗು ಹಾಕುತ್ತಿದ್ದ. "ಹುಳ ಎಬ್ಬಸ್ತೀನಿ, ಏಳ್ರವ್ವಾ! ನಡೀರಿ!" ಹೀಗೆ ಮೂರು ಸಲ. ಅಪ್ಪಿತಪ್ಪಿ ತೋಟಕ್ಕೆ ಬಂದ ಆಳೇ ಇರಲಿ, ದನ ಕಾಯುವ ಮುದುಕಿಯೇ ಇರಲಿ, ಕೊನೆಯ ತಲೆ ಬದು ದಾಟುವ ತನಕ ಬೆಂಕಿಕಡ್ಡಿ ಗೀರುತ್ತಿರಲಿಲ್ಲ. ಮೋಟಾರು ಇಳಿಸಲು ಹೋದಾಗ ನನ್ನನ್ನೂ ಹಾಗೆ ಒಮ್ಮೆ ಎಬ್ಬಿಸಿ ಕಳಿಸಿದ್ದ. ಅವನ ಕೂಗು ಕೇಳಿಸಲಿಲ್ಲ ಎಂದರೆ ಬಂಡೆ ಸುಮ್ಮನಿದೆ ಎಂದರ್ಥ. ಆ ನಂಬಿಕೆಯ ಮೇಲೆ ಆ ಹೆಂಗಸರು ವರ್ಷಗಟ್ಟಲೆ ಬಂಡೆಯ ಬುಡದಲ್ಲಿ ನಿಶ್ಚಿಂತೆಯಿಂದ ದುಡಿದಿದ್ದರು.

ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ.

ಆ ದಿನ ಬಿಸಿಲೇರುವ ಹೊತ್ತಿಗೆ ಹಂಪಿ ಬಜಾರಿನ ಕಲ್ಲುಮಂಟಪಗಳ ಬಳಿ ಡ್ರೋನ್ ಹೊರಗೆ ತೆಗೆದಿದ್ದೆ. ಕಾವಲುಗಾರ ಬಂದ. "ಇಲ್ಲಿ ಹಾರಿಸಬ್ಯಾಡ್ರಿ ಸಾರ್, ಪರ್ಮಿಶನ್ ಬೇಕು," ಎಂದು ಮರ್ಯಾದೆಯಿಂದಲೇ ಹೇಳಿದ. ನನಗೆ ಪಿತ್ತ ನೆತ್ತಿಗೇರಿತು. ಕಾಲು ಕೇಜಿಯೂ ತೂಗದ ಈ ವಸ್ತು ಏನು ಗೋಪುರ ಬೀಳಿಸುತ್ತದೆಯೇ ಎಂದು ಜಗಳ ಆಡಿ, ಗೊಣಗುತ್ತ ಬೈಕ್ ಹತ್ತಿದೆ. ಕಡ್ಡಿರಾಂಪುರದ ಹತ್ತಿರ ಬಂಡೆ ಕಂಡಿತು. ಬೋರ್ಡಿಲ್ಲ, ಬೇಲಿಯಿಲ್ಲ, ತಡೆಯುವವರಿಲ್ಲ. ಮೇಲಾಗಿ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆ ದಿನ ಯಾರೂ ಕೂಲಿಗೆ ಹೋಗುವುದಿಲ್ಲ, ಎಲ್ಲರಿಗೂ ಗೊತ್ತಿರುವ ಮಾತು. ಹಾಗಾದರೆ ತೋಟ ಖಾಲಿ. ಜೇನು ಬಿಡಿಸುವುದು ಸಂಜೆಗೆ, ಈಗಿನ್ನೂ ಮಧ್ಯಾಹ್ನ. ಹಾಗಾದರೆ ಬಂಡೆಯೂ ಖಾಲಿ. ನಿಂತಲ್ಲೇ ಎಲ್ಲ ಲೆಕ್ಕ ಹಾಕಿ ಮುಗಿಸಿದೆ — ಮಹಾ ಬುದ್ಧಿವಂತ!

ಬೈಕನ್ನು ಬಂಡೆಯ ಹಿಂದೆ ನಿಲ್ಲಿಸಿದೆ. ತೋಟದ ಕಡೆಯಿಂದ ಯಾರಾದರೂ ಕಂಡು ಕೇಳಿಯಾರು ಎಂದು. ತೋಟಕ್ಕೆ ನಾನು ಕಾಣದಿದ್ದರೆ ನನಗೂ ತೋಟ ಕಾಣುವುದಿಲ್ಲ — ಇಷ್ಟು ಸಣ್ಣ ವಿಷಯ ತಲೆಗೆ ಹೊಳೆಯಲಿಲ್ಲ. ಹೊಳೆದಿತ್ತೇನೋ. ಬಂಡೆ ಸುತ್ತಿ ನೋಡಿ ಬರಲು ಐದು ನಿಮಿಷ ಸಾಕಿತ್ತು. ಬಿಸಿಲು ಎಂದುಕೊಂಡೆ.

ಅಂದು ಲಾರಿ ಬರುವುದಿತ್ತಂತೆ. ಹಣ್ಣಾಗುವ ಮೊದಲು ಗೊನೆ ಕಳಿಸಲೇಬೇಕು ಎಂದು ತೋಟದವರು ಕೈಮುಗಿದು ಕೇಳಿಕೊಂಡಿದ್ದರಿಂದ ಗಂಗಮ್ಮ ಅಮಾವಾಸ್ಯೆಯಾದರೂ ಹೆಂಗಸರನ್ನು ಕರೆದುಕೊಂಡು ಬಂದಿದ್ದಳು. ಅವರು ಆಗ ಬಂಡೆಯ ಆ ಬದಿಯಲ್ಲಿ, ನೆರಳಿಗೆ ಕೂತು ಬುತ್ತಿ ಬಿಚ್ಚಿದ್ದರು.

ಡ್ರೋನ್ ಬಂಡೆಯ ನೆತ್ತಿ ದಾಟಿ ಆಚೆ ಇಳಿಯಿತು. ಚಾಚಿದ ಕಲ್ಲಿನ ಅಡಿಯಲ್ಲಿ ಮೊರದಷ್ಟಗಲದ ಜೇನುಹುಟ್ಟುಗಳು, ಒಂದರ ಪಕ್ಕ ಒಂದು. ಮಸ್ತ್ ಬರುತ್ತಿದೆ ಎಂದುಕೊಂಡು ಇನ್ನಷ್ಟು ಹತ್ತಿರ ಒಯ್ದೆ. ಇನ್ನಷ್ಟು. ಹುಟ್ಟಿನ ಮೈ ಒಮ್ಮೆ ಜುಮ್ಮೆಂದು ನಡುಗಿತು. ಮರುಕ್ಷಣ ಪರದೆಯ ತುಂಬ ಕಪ್ಪು. ಗಾಬರಿಯಾಗಿ ಮೇಲೆತ್ತಿದೆ. ಎತ್ತುವಾಗ ಪರದೆಯಲ್ಲಿ ಕೆಳಗಿನ ತೋಟ ಕಂಡಿತು — ಹಸಿರಿನ ನಡುವೆ ಕೆಂಪು, ಹಳದಿ ಚುಕ್ಕೆಗಳು ದಿಕ್ಕಾಪಾಲಾಗಿ ಓಡುತ್ತಿದ್ದವು. ಸೀರೆಗಳು ಎಂದು ತಿಳಿಯುವಷ್ಟರಲ್ಲಿ ಬಂಡೆಯ ಆಚೆಯಿಂದ ಚೀರಾಟ ಕೇಳಿಸಿತು.

ನಾನೂ ಓಡಿದೆ. ಅವರ ಕಡೆಗಲ್ಲ. ಡ್ರೋನ್ ಇಳಿಸಿ, ಚೀಲಕ್ಕೆ ತುರುಕಿ, ಬೈಕ್ ಹತ್ತಿ ಹೊಸಪೇಟೆಗೆ ಬಂದುಬಿಟ್ಟೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಯಾರಾದರೂ ನನ್ನನ್ನು ನೋಡಿದರೋ ಹೇಗೆ?

ಯಾರೂ ನೋಡಿರಲಿಲ್ಲ. ಡ್ರೋನಿನ ಸದ್ದೂ ಹುಳದ ಸದ್ದಿನಲ್ಲಿ ಕಲೆತುಹೋಗಿತ್ತು. ಜಾಗ ಸರಿಯಾಗಿಯೇ ಆರಿಸಿದ್ದೆನಲ್ಲ!

ಮರುದಿನ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಹೌದು, ಹೋದೆ. ಎಲ್ಲರ ಮುಖವೂ ಊದಿತ್ತು. ಗಂಗಮ್ಮನ ಎಡಗಣ್ಣಿನ ಗುಡ್ಡೆಗೇ ಜೇನಿನ ಮುಳ್ಳು ನಾಟಿತ್ತು. ದುರುಗಪ್ಪ ಬಾಗಿಲ ಬಳಿ ನಿಂತಿದ್ದ, ಅವನನ್ನು ಒಳಗೆ ಬಿಟ್ಟಿರಲಿಲ್ಲ. ಸಂಜೆಯ ಹೊಗೆಗೆಂದು ಅವನು ಕಟ್ಟಿಟ್ಟಿದ್ದ ಹಸಿಸೊಪ್ಪಿನ ಹೊರೆ ಬಂಡೆಯ ಬುಡದಲ್ಲಿ ಸಿಕ್ಕಿತ್ತು. ಅಷ್ಟು ಸಾಕಾಗಿತ್ತು ಜನಕ್ಕೆ. ಕುಡಿದು ಹಗಲಲ್ಲೇ ಹತ್ತಿದ, ಕೂಗು ಹಾಕದೆ ಹೊಗೆ ಹಾಕಿದ ಎಂದರು. "ನಾ ಕಂಪ್ಲಿಗ ಹೋಗಿದ್ನ್ಯೋ ಯಪ್ಪಾ, ಹಗ್ಗ ತರಾಕ! ನಮ್ಮವ್ವನ ಆಣಿ!" ಎಂದು ಅವನು ಅಂಗಲಾಚುತ್ತಿದ್ದ. ಗಂಗಮ್ಮ ಮಂಚದ ಮೇಲಿಂದಲೇ ಅಂದಳು: "ಕೂಗಿದ್ರ ಓಡ್ತಿದ್ವಲ್ಲೋ. ಒಂದ ಒಂದು ಕೂಗು ಹಾಕಾಕ ಏನಾಗಿತ್ತಲೇ ನಿನಗ?"

ಆಗ ಯಾರೋ ಹಿರಿಯರು ನನ್ನ ಕಡೆ ತಿರುಗಿದರು. "ನೀವು ಹೇಳ್ರಿ ಸೀನಣ್ಣ, ತಿಳಿದವರದೀರಿ. ಹುಳ ಸುಮ್ಮಸುಮ್ಮನ ಏಳ್ತಾವೇನು?"

ನಿಜ ಹೇಳಲು ಒಂದು ಗಳಿಗೆ ಇತ್ತು. ಆ ಒಂದು ಗಳಿಗೆ — ದುರುಗಪ್ಪ ನನ್ನ ಬಾಯನ್ನೇ ನೋಡುತ್ತಿದ್ದ.

"ಹೊಗಿ ಹಾಕದಿದ್ರ ಹುಳ ಏಳಂಗಿಲ್ಲ," ಎಂದೆ.

ಅವನು ಆ ಮಧ್ಯಾಹ್ನ ಬಂಡೆಯ ಮೇಲೆ ಇರಲಿಲ್ಲ ಎಂಬುದಕ್ಕೆ ಇಡೀ ಊರಿನಲ್ಲಿ ಇದ್ದ ಒಬ್ಬನೇ ಸಾಕ್ಷಿ ನಾನು. ಆ ಸಾಕ್ಷಿ ಎದ್ದು ನಿಂತು ಅವನ ಕುತ್ತಿಗೆ ಕೊಯ್ದ. ಅಂಗಡಿ ಇಟ್ಟವನ ಮಾತು, ಮೋಟಾರಿನ ಮೇಸ್ತ್ರಿಯ ಮಾತು ಎಂದು ಎಲ್ಲರೂ ತಲೆಯಾಡಿಸಿದರು. ಕೂಲಿಯವನ ಆಣೆಗೆ ಅಲ್ಲಿ ಕವಡೆ ಕಿಮ್ಮತ್ತು ಇರಲಿಲ್ಲ.

ಇನ್ನೂ ಹೊಲಸು ಉಳಿದಿದೆ. ವಿಡಿಯೋದ ಕೊನೆಯ ನಲವತ್ತು ಸೆಕೆಂಡು ಕತ್ತರಿಸಿ, ಉಳಿದದ್ದಕ್ಕೆ ಸಂಗೀತ ಹಚ್ಚಿ ಗುಂಪಿಗೆ ಹಾಕಿದೆ. ಬಂಡೆ, ಬಾಳೆ, ದೂರದಲ್ಲಿ ಹೊಳೆ. ಎಲ್ಲರೂ ವಾಹ್ ವಾಹ್ ಎಂದರು. ಕತ್ತರಿಸದ ವಿಡಿಯೋವನ್ನು ಅಳಿಸಲು ಕೈ ಬರಲಿಲ್ಲ. ಯಾಕೆ ಎಂದು ಇವತ್ತಿಗೂ ಗೊತ್ತಿಲ್ಲ. ಅದನ್ನು ಒಳ್ಳೆಯತನ ಎಂದು ದಯವಿಟ್ಟು ಯಾರೂ ತಿಳಿಯಬೇಡಿ.

ಗಂಗಮ್ಮ ತಮ್ಮನಿಗೆ ಮನೆಯ ಬಾಗಿಲು ಮುಚ್ಚಿದಳು. ಯಾವ ತೋಟದವರೂ ಅವನನ್ನು ಕರೆಯಲಿಲ್ಲ. ಅವನು ಊರು ಬಿಟ್ಟು ಸಂಡೂರಿನ ಕಡೆ, ಯಶವಂತನಗರದಲ್ಲಿ ಅದಿರು ಲಾರಿಗಳು ನಿಲ್ಲುವಲ್ಲಿ ಕಾವಲಿಗೆ ಸೇರಿಕೊಂಡ. ನಾನು? ನಾನು ಗುಂಪಿನಲ್ಲಿ ಉಪದೇಶ ಶುರು ಮಾಡಿದೆ. ಹಾರಿಸುವ ಮೊದಲು ಜಾಗವನ್ನು ಕಾಲಲ್ಲಿ ಸುತ್ತಿ ಬರ್ರಿ, ಹೊಲದವರನ್ನು ಕೇಳ್ರಿ, ಗೂಡು, ಹುಟ್ಟು, ಕರೆಂಟಿನ ತಂತಿ ನೋಡ್ರಿ, ಬ್ಯಾಡ ಅಂದಲ್ಲಿ ಬ್ಯಾಡ. ಒಂದೂ ಸುಳ್ಳಲ್ಲ. ಎಲ್ಲರೂ ನನ್ನನ್ನು ಜವಾಬ್ದಾರಿ ಮನುಷ್ಯ ಎಂದರು, ನಾನೂ ಹಲ್ಲು ಕಿಸಿದೆ. ಈ ಬುದ್ಧಿ ಯಾರ ಕಣ್ಣು ಕೊಟ್ಟು ಬಂತು ಎಂದು ಮಾತ್ರ ಹೇಳಲಿಲ್ಲ. ಮೋಟಾರು ಕೆಟ್ಟಾಗ ಆ ತೋಟಕ್ಕೂ ಹೋಗುತ್ತಿದ್ದೆ. ಗಂಗಮ್ಮ ಮುಖ ಪೂರ್ತಿ ಎಡಕ್ಕೆ ತಿರುಗಿಸಿ, ಬಲಗಣ್ಣಿನಿಂದ ನನ್ನನ್ನು ನೋಡಿ, "ಬರ್ರಿ ಸೀನಣ್ಣ, ಚಾ ಕುಡೀರಿ," ಎನ್ನುತ್ತಿದ್ದಳು. ಕುಡಿಯುತ್ತಿದ್ದೆ.

ಹೋದ ತಿಂಗಳು ಒಂದು ಮೋಟಾರು ಕೊಡಲು ಯಶವಂತನಗರಕ್ಕೆ ಹೋಗಿದ್ದೆ. ಲಾರಿಗಳ ಸಾಲಿನಿಂದ ಯಾರೋ ಕೈಬೀಸಿ ಕರೆದರು. ತಲೆಗೂದಲಿನಿಂದ ಚಪ್ಪಲಿಯ ತನಕ ಕೆಂಪುಧೂಳು. ದುರುಗಪ್ಪ. ಓಡಿಬಂದು ನನ್ನ ಕೈಯಿಂದ ಮೋಟಾರು ಇಸಿದುಕೊಂಡು ಕೆಳಗಿಟ್ಟ. ಸಿಟ್ಟಿಲ್ಲ, ಸೆಡವಿಲ್ಲ. "ತೋಟಕ್ಕ ಹೋಗ್ತಿರ್ತೀರಲ್ರಿ ಸೀನಣ್ಣ... ನಮ್ಮಕ್ಕನ ಕಣ್ಣು ಹೆಂಗೈತ್ರಿ?" ಎಂದು ಕೇಳಿದ. ಆರು ವರ್ಷದ ಮೇಲೆ ಅಕ್ಕನ ಕಣ್ಣಿನ ಸುದ್ದಿಯನ್ನು ಅವನು ಕೇಳಬೇಕಾಗಿ ಬಂದದ್ದು — ನನ್ನನ್ನು!

ಅಲ್ಲೇ ಹೇಳಿಬಿಟ್ಟೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಕೆಳಗಿಟ್ಟಿದ್ದ ಮೋಟಾರನ್ನು ಎತ್ತಿ ಮತ್ತೆ ನನ್ನ ಕೈಗಿಟ್ಟ.

"ನನಗ್ಯಾಕ ಹೇಳ್ತಿ?" ಎಂದ. "ನಾ ಹೊಗಿ ಹಾಕಿಲ್ಲ ಅಂತ ನನಗ ಗೊತ್ತೈತಿ. ಹೋಗು, ನಮ್ಮಕ್ಕಗ ಹೇಳು."

ಹೋದೆ. ಮರುದಿನ ಮಧ್ಯಾಹ್ನ, ಅವರು ಅದೇ ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ. ಈ ಸಲ ಬಂಡೆ ಸುತ್ತಿಕೊಂಡು ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ, ಆಸ್ಪತ್ರೆಯಲ್ಲಿ ಆಡಿದ ಮಾತಿನ ಸಮೇತ. "ನಿನ್ನ ಬಾಯಾಗ ಮಣ್ಣು ಬೀಳ!" ಎಂದು ಒಬ್ಬಾಕೆ ಮೇಲೆದ್ದಳು. ಗಂಗಮ್ಮ ಅವಳ ಸೀರೆ ಜಗ್ಗಿ ಕೂರಿಸಿದಳು.

"ಆ ಚಿತ್ರ ಐತೇನು?"

ಕತ್ತರಿಸದ ವಿಡಿಯೋ ಹಚ್ಚಿ ಫೋನು ಕೊಟ್ಟೆ. ಅವಳು ಅದನ್ನು ಬಲಗಣ್ಣಿನ ಹತ್ತಿರ ಹಿಡಿದಳು. ಬಂಡೆಯ ನೆತ್ತಿ ಈ ತುದಿಯಿಂದ ಆ ತುದಿಗೆ ಸರಿಯಿತು.

"ನಿಲ್ಲಸು. ಕಲ್ಲಿನ ಮ್ಯಾಲ ಯಾರದಾರ?"

"ಯಾರೂ ಇಲ್ಲಕ್ಕ."

"ನನ್ನ ತಮ್ಮ?"

"ಇಲ್ಲ."

ಮುಂದೆ ಓಡುವ ಚುಕ್ಕೆಗಳು ಬಂದವು. ಅವುಗಳಲ್ಲಿ ಒಂದು ಅವಳೇ. ಅವಳು ತನ್ನನ್ನು ಹುಡುಕಲೇ ಇಲ್ಲ. "ಹಿಂದಕ್ಕ ತಗೋ, ಕಲ್ಲು ತೋರ್ಸು," ಎಂದಳು. ತೋರಿಸಿದೆ. "ಮತ್ತ ತೋರ್ಸು." ಮತ್ತೆ ತೋರಿಸಿದೆ. ಎಷ್ಟು ಸಲ ತೋರಿಸಿದೆನೋ. ಆಮೇಲೆ ಫೋನನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟಳು.

"ಅವನ್ನ ನೀನ ಕರಕೊಂಡು ಬಾ ಹೋಗು. ನಾ ಹೋಗಿ ಅವಗ ಯಾವ ಮಾರಿ ತೋರಿಸ್ಲಿ?"

ಕಣ್ಣು ಕಳೆದವನು ನಾನು, ಮುಖ ಇಲ್ಲದಂತಾದವಳು ಅವಳು. ನೆಲದ ಮೇಲಿನ ಫೋನು ಎತ್ತಿಕೊಂಡು ಯಶವಂತನಗರದ ದಾರಿ ಹಿಡಿದೆ.

ಈ ಬರಹವನ್ನು, ಆ ನಲವತ್ತು ಸೆಕೆಂಡುಗಳ ಜೊತೆಗೆ, ಇವತ್ತು ಗುಂಪಿಗೆ ಹಾಕುತ್ತಿದ್ದೇನೆ. ಯಾರೂ ಹಿಡಿಯದ ಜಾಗ ಕೇಳುವವರು ನೋಡಲಿ. ಯಶವಂತನಗರಕ್ಕೆ ಮೂರು ಸಲ ಹೋಗಿ ಬಂದೆ. ದುರುಗಪ್ಪ ಬಂದಿಲ್ಲ. ಯಾಕೆ ಬರಬೇಕು? ನಾನು ಕರೆದಾಗ ಬರಲು ಅವನೇನು ನನ್ನ ಆಳೇ? ನಾಳೆ ಮತ್ತೆ ಹೋಗುತ್ತೇನೆ.