ವಿಮಾನದ ದಾರಿಯಲ್ಲಿ ಒಂದು ಅಗುಳೂ ಬೀಳದಂತೆ

ಉಲ್ವೆಯ ಹೋಟೆಲುಗಳ ಹಿಂದಿನ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಪುಂಡರೀಕಾಕ್ಷ ಡ್ರಮ್ಮಿನ ಮುಚ್ಚಳ ಒತ್ತಿ ನೋಡುತ್ತಾರೆ, ನೆಲಕ್ಕೆ ಬಿದ್ದ ಇಡ್ಲಿಯ ಚೂರು ಆರಿಸುತ್ತಾರೆ, ಮತ್ತೆ ತಲೆಯೆತ್ತಿ ಆಕಾಶ ನೋಡುತ್ತಾರೆ. ನಿಂತಲ್ಲಿ ನಿಲ್ಲುವ ಜೀವವಲ್ಲ. ಬಿಸಿಲೇರಿದರೆ ಹದ್ದುಗಳು ಏಳುತ್ತವೆ. ಅಷ್ಟರೊಳಗೆ ಓಣಿ ಚೊಕ್ಕಟವಾಗಬೇಕು.

ಹತ್ತಿರದಲ್ಲೇ ವಿಮಾನ ನಿಲ್ದಾಣ. ಎಸೆದ ಅನ್ನಕ್ಕೆ ಕಾಗೆ, ಹದ್ದು ಬರುತ್ತವೆ. ಎಂಜಿನ್ನಿಗೆ ಒಂದೇ ಒಂದು ಸಿಕ್ಕಿದರೂ ಹಕ್ಕಿಗೆ ಸಾವು, ವಿಮಾನಕ್ಕೆ ಅಪಾಯ. "ಪಟಾಕಿ ಹೊಡೆದು ಓಡಿಸ್ಬಹುದು. ಆದ್ರೆ ಊಟ ಹಾಕಿ ಕರೆದದ್ದು ನಾವೇ ಅಲ್ವಾ? ಪಾಪ, ಅವಕ್ಕೆಂತ ಗೊತ್ತು?" ಎನ್ನುತ್ತಾರೆ. ಕಾಪು ಕಡೆಯ ಇವರು ಥಾಣೆಯಲ್ಲಿ ಲೋಟ ತೊಳೆದವರು, ಡೊಂಬಿವಲಿಯಲ್ಲಿ ಕ್ಯಾಂಟೀನ್ ನಡೆಸಿ ಕೈಸುಟ್ಟುಕೊಂಡವರು. ಈಗ ಗುತ್ತಿಗೆ ಕೆಲಸ: ನಲವತ್ತು ಹೋಟೆಲುಗಳ ಹಸಿ ಕಸ, ದಿನಕ್ಕೆರಡು ಸುತ್ತು, ಗೊಬ್ಬರದ ಗುಂಡಿಗೆ.

ಇವತ್ತು ತಲೆಬಿಸಿ ಬೇರೆ. ಒಂದು ಹೋಟೆಲಿನ ಯಜಮಾನತಿ ಬಾಗಿಯಮ್ಮನ ಗಂಡನ ತಿಥಿ. ಮಧ್ಯಾಹ್ನ ಅವರು ತಾರಸಿಯಲ್ಲಿ ಕಾಗೆಗೆ ಅನ್ನ ಇಡಲು ಹೊರಟಿದ್ದಾರೆ. ಕಾಗೆ ಮುಟ್ಟದೆ ನೀರೂ ಕುಡಿಯುವವರಲ್ಲ.

"ಇಲ್ಲಿ ಬೇಡ ಅಮ್ಮ, ದಮ್ಮಯ್ಯ."

"ಜನ್ಮವಿಡೀ ದೋಸೆ ಹೊಯ್ದವರಿಗೆ ಒಂದು ಹಿಡಿ ಅನ್ನ ಇಡ್ಲಿಕ್ಕೆ ನಿನ್ನ ಪರ್ಮಿಷನ್ ಬೇಕಾ?"

"ವಾಶಿಗೆ ಹೋಗಿ ಇಡುವ, ಅಲ್ಲಿಗೆ ವಿಮಾನ ನಿಲ್ದಾಣ ದೂರ. ನಾನೇ ಕರ್ಕೊಂಡು ಹೋಗ್ತೇನೆ."

"ಕಸದ ಗಾಡಿಯಲ್ಲಾ?"

"ಛೆ! ಸ್ನಾನ ಮಾಡಿ ಬಂದಿದ್ದೇನೆ. ಕೆಳಗೆ ರಿಕ್ಷಾ ನಿಂತಿದೆ."

ವಾಶಿಯಲ್ಲಿ ಸಮುದ್ರದ ನೀರು ಒಳನುಗ್ಗುವ ಖಾಡಿಯ ದಂಡೆಯಲ್ಲಿ ಎಲೆ ಹಾಸಿದ್ದಾಯಿತು. ಕಾಗೆಗಳೇನೋ ಬೇಕಾದಷ್ಟಿವೆ, ಒಂದೂ ಇಳಿಯದು. "ಮಾರ್ಕೆಟಲ್ಲಿ ಇವುಗಳ ನಾಷ್ಟಾ ಹೋ ಗಯಾ, ಪುಂಡಣ್ಣ," ಎಂದು ಜೊತೆಗೆ ಬಂದ ಬಾಗಿಯಮ್ಮನ ಮಗ ಹಯಗ್ರೀವ ನಗುತ್ತಾನೆ. ತಾಯಿಯ ತುಟಿ ಒಣಗಿದೆ. ಅತ್ತ ಊಟದ ಹೊತ್ತು ಮುಗಿಯುತ್ತಿದೆ, ಡ್ರಮ್ಮುಗಳು ತುಂಬಿರುತ್ತವೆ. ಪುಂಡರೀಕಾಕ್ಷ ಅತ್ತಿಂದಿತ್ತ ನಡೆಯುತ್ತಾರೆ. ಅಷ್ಟರಲ್ಲಿ ಬಾಗಿಯಮ್ಮನ ಹೋಟೆಲಿನ ಅಡುಗೆಯ ಮಧ್ವೇಶನ ಫೋನು: "ಎಂಜಲೆಲ್ಲ ಒಳಗೇ ಮುಚ್ಚಿಟ್ಟಿದ್ದೇನೆ. ಪಕ್ಕದವ್ರಿಗೂ ಹೇಳಿದೆ. ಗಡಿಬಿಡಿ ಮಾಡ್ಬೇಡಿ ಮಾರಾಯ್ರೆ." ಯಾರೂ ಕೇಳದೆ ಮಾಡಿದ ಕೆಲಸ.

ಸತ್ತವರ ಆಸೆ ಉಳಿದಿದ್ದರೆ ಕಾಗೆ ಮುಟ್ಟದೆಂಬ ನಂಬಿಕೆ. ನಡೆಸಿಕೊಡುತ್ತೇವೆಂದು ಬಾಯಿಬಿಟ್ಟು ಹೇಳಬೇಕು. "ಅಪ್ಪಾ, ಹೋಟೆಲ್ ಮಾರೋದಿಲ್ಲ," ಎನ್ನುತ್ತಾನೆ ಹಯಗ್ರೀವ. ಕಾಗೆ ಕತ್ತು ಹೊರಳಿಸುತ್ತದೆ, ಅಷ್ಟೆ. "ಇವನಿಗೆ ಹೆಣ್ಣು ನೋಡ್ತೇನೆ," ಎನ್ನುತ್ತಾರೆ ತಾಯಿ. ಅದಕ್ಕೂ ಇಲ್ಲ. ಬಾಗಿಯಮ್ಮ ಪುಂಡರೀಕಾಕ್ಷರ ಬೆವರಿದ ಮುಖವನ್ನೊಮ್ಮೆ ನೋಡಿ, ಎಲೆಯತ್ತ ತಿರುಗಿ ಗಂಡನಿಗೆ ಕೈಮುಗಿಯುತ್ತಾರೆ. "ಇನ್ನು ತಾರಸಿಯಲ್ಲಿ ಇಡೋದಿಲ್ಲ, ಇವ್ರೇ. ಪ್ರತಿ ವರ್ಷ ಇಲ್ಲಿಗೇ ಬರ್ತೇವೆ. ನೀವೂ ಇಲ್ಲಿಗೇ ಬನ್ನಿ."

ತಡೆಯಲಾರದೆ ಪುಂಡರೀಕಾಕ್ಷ ತಾವೇ ಬಾಯಿಗೆ ಕೈಯಿಟ್ಟು "ಕಾ ಕಾ" ಎಂದು ಕೂಗುತ್ತಾರೆ. ಮುದಿ ಕಾಗೆಯೊಂದು ಕುಪ್ಪಳಿಸಿ ಬಂದು ಅನ್ನಕ್ಕೆ ಕೊಕ್ಕಿಡುತ್ತದೆ.

ಬಾಗಿಯಮ್ಮ ನೀರು ಕುಡಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಪುಂಡರೀಕಾಕ್ಷ ರಿಕ್ಷಾ ಹತ್ತುತ್ತಾರೆ.

"ಈ ಕೆಲಸಕ್ಕೆ ಸೇರಿದ ಮೇಲೆ ಹಕ್ಕಿಗಳಿಗೆ ಬರಬೇಡಿ ಅಂತ್ಲೇ ಹೇಳಿದ್ದು," ಎನ್ನುತ್ತಾರೆ ಪುಂಡರೀಕಾಕ್ಷ. "ಇವತ್ತು ಒಂದನ್ನ ಬಾ ಅಂದೆ. ಬಂತು ನೋಡಿ."