ಗಂಗಮ್ಮನಿಗೊಂದು ಕಾಸು

“ಅತ್ತೆ, ಬಗ್ಗಬೇಡಿ!” ಎಂದು ನಾನು ಕೂಗುವಷ್ಟರಲ್ಲಿ, ಇಂಗ್ಲೆಂಡಿನ ಡರ್ಬಿ ಹತ್ತಿರದ ನದಿಯೊಂದರಲ್ಲಿ ನಮ್ಮ ಕನೂ ದೋಣಿ ಮಗುಚಿಯೇಬಿಟ್ಟಿತು.

ಮೈಸೂರಿನಿಂದ ಬಂದಿದ್ದ ಅತ್ತೆಗೆ ನದಿ ದಾಟುವಾಗಲೆಲ್ಲ ನೀರಿಗೆ ಕಾಸು ಹಾಕಿ ಕೈಮುಗಿಯುವ ಅಭ್ಯಾಸ. ಬಸ್ಸಿನ ಕಿಟಕಿಯಿಂದ ಎಸೆದಷ್ಟೇ ಸಲೀಸೆಂದು ತಿಳಿದು, ನಡುನೀರಿನಲ್ಲಿ ಪಕ್ಕಕ್ಕೆ ಬಗ್ಗಿದ್ದರು.

ಲೈಫ್ ಜಾಕೆಟ್ ಇದ್ದುದರಿಂದ ನಾನೂ ಮಗಳೂ ಕೆಮ್ಮುತ್ತಾ ಮೇಲೆ ಬಂದು ದೋಣಿಯ ಅಂಚು ಹಿಡಿದೆವು. ಅತ್ತೆ ಎಲ್ಲಿ? ತಿರುಗಿದರೆ, ಸ್ವಲ್ಪ ದೂರದಲ್ಲಿ ಅಂಗಾತ ತೇಲುತ್ತಾ, ಮುಷ್ಟಿ ಮೇಲೆತ್ತಿಕೊಂಡು ನಗುತ್ತಿದ್ದಾರೆ!

“ಕಾಸು ಕೈಯಲ್ಲೇ ಇದೆ ಕಣೇ! ಗಂಗಮ್ಮ ಕಾಸು ಬಿಟ್ಟು ನಮ್ಮನ್ನೇ ಕರೆಸ್ಕೊಂಡ್ಲು!”

ನಮಗೆ ದೋಣಿ ನಡೆಸಲು ಕಲಿಸುತ್ತಿದ್ದ ತರಬೇತುಗಾರ್ತಿ ತನ್ನ ಪುಟ್ಟ ಕಯಾಕ್ ದೋಣಿಯಲ್ಲಿ ಧಾವಿಸಿ ಬಂದು, ಗಾಬರಿಯಲ್ಲೇ ಅವರನ್ನು ದಡಕ್ಕೆ ಎಳೆದು ತಂದಳು. ನೀರು ಸುರಿಯುತ್ತಿದ್ದ ಬಟ್ಟೆಯಲ್ಲೇ ಅತ್ತೆ ನದಿಯತ್ತ ತಿರುಗಿ, ಆ ಕಾಸನ್ನು ಎಸೆದು ಕೈಮುಗಿದ ಮೇಲೆಯೇ ಟವೆಲ್ ಮುಟ್ಟಿದ್ದು.

ಅತ್ತೆ ಈಗ ಮೈಸೂರಿಗೆ ಮರಳಿದ್ದಾರೆ. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು, ನಮ್ಮ ಕಾರು ಸೇತುವೆ ಹತ್ತಿದ ಕೂಡಲೇ ಹಿಂದಿನ ಸೀಟಿನಿಂದ ಕೈಚಾಚುತ್ತಾಳೆ: “ಅಮ್ಮಾ, ಕಾಸು!”